ಪದಬಂಧದ ಚೌಕ ಮತ್ತು ಐವತ್ತು ಬೈಟ್

ತಂತ್ರಾಂಶವೊಂದರ ವಿವರಣಾ ಪತ್ರದಲ್ಲಿ 'ವಿಳಾಸ: ಗರಿಷ್ಠ 50 ಅಕ್ಷರ' ಎಂಬಂಥ ಸಾಲು ಕಣ್ಣಿಗೆ ಬಿದ್ದರೆ, ಆ ಐವತ್ತನ್ನು ಎಣಿಸುವವರು ಯಾರು ಎಂದು ನಾನು ಈಗ ತಪ್ಪದೆ ಕೇಳುತ್ತೇನೆ. ಡೇಟಾಬೇಸ್ ಎಣಿಸುವ ಐವತ್ತು, ಪ್ರೋಗ್ರಾಮಿಂಗ್ ಭಾಷೆ ಎಣಿಸುವ ಐವತ್ತು, ಮೊಬೈಲ್ ಸಂದೇಶ ಕಳುಹಿಸುವ ಸಂಸ್ಥೆ ಎಣಿಸುವ ಐವತ್ತು, ಅರ್ಜಿ ತುಂಬುವ ಮನುಷ್ಯ ಎಣಿಸುವ ಐವತ್ತು, ಇವು ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ, ಕನ್ನಡದಲ್ಲಿ ಹಾಗಲ್ಲ. ಈ ಪ್ರಶ್ನೆಯನ್ನು ನಾನು ಕಲಿತದ್ದು ಕಚೇರಿಯ ತರಬೇತಿಯಲ್ಲಿ ಅಲ್ಲ, ಭಾನುವಾರದ ಹವ್ಯಾಸವೊಂದರಲ್ಲಿ.

ನಾನಿರುವುದು ಬೆಂಗಳೂರಿನ ಒಂದು ಸಣ್ಣ ತಂತ್ರಾಂಶ ಸಂಸ್ಥೆಯಲ್ಲಿ. ಸಹಕಾರ ಸಂಘಗಳ ಸದಸ್ಯರ ಪಟ್ಟಿ, ಷೇರು, ಸಾಲ, ರಸೀದಿ ಇತ್ಯಾದಿಗಳನ್ನು ನೋಡಿಕೊಳ್ಳುವ ತಂತ್ರಾಂಶವನ್ನು ನಾವು ಬರೆಯುತ್ತೇವೆ. ಬೆಳಗಿನ ಸಭೆ, ದೂರುಗಳ ವಿಲೇವಾರಿ, ಸಹೋದ್ಯೋಗಿಗಳ ಕೋಡ್ ಪರಿಶೀಲನೆ, ಸಂಜೆಯ ಹೊತ್ತಿಗೆ ಯಾವುದಾದರೂ ಸಂಘದ ಕಾರ್ಯದರ್ಶಿಯವರ ದೂರವಾಣಿ ಕರೆ, ಇಷ್ಟರಲ್ಲಿ ದಿನ ಮುಗಿಯುತ್ತದೆ. ಹೊರಗಿನವರು ಊಹಿಸಿಕೊಳ್ಳುವಷ್ಟು ರೋಚಕವಾದದ್ದು ಅದರಲ್ಲಿ ಏನೂ ಇಲ್ಲ.

ಹವ್ಯಾಸದ ವಿಷಯವೇ ಬೇರೆ. ನನ್ನ ಅಮ್ಮ ಪತ್ರಿಕೆಯ ಪದಬಂಧವನ್ನು ಕಾಫಿ ಆರುವುದರೊಳಗೆ ಬಿಡಿಸಿ ಮುಗಿಸುವವರು. ಅವರಿಗೆ ಬೇಕೆನಿಸಿದಾಗಲೆಲ್ಲ ಹೊಸ ಪದಬಂಧವನ್ನು ಕಟ್ಟಿಕೊಡುವ ಒಂದು ಚಿಕ್ಕ ಪ್ರೋಗ್ರಾಂ ಬರೆಯಬೇಕೆಂದು ಕುಳಿತೆ. ಪದಗಳಿಗೆ ಕೊರತೆ ಇರಲಿಲ್ಲ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಸಿದ್ಧಪಡಿಸಿದ, ಸುಮಾರು ಒಂದೂವರೆ ಲಕ್ಷ ಪದಗಳಿರುವ 'ಅಲರ್' ಕನ್ನಡ–ಇಂಗ್ಲಿಷ್ ನಿಘಂಟಿನ ದತ್ತಾಂಶವು 2019ರಿಂದ ಮುಕ್ತ ಪರವಾನಗಿಯಲ್ಲಿ ಯಾರಿಗಾದರೂ ಸಿಗುತ್ತದೆ. ತೊಡಕು ಹುಟ್ಟಿದ್ದು ಚೌಕಗಳಲ್ಲಿ. ಕನ್ನಡ ಪದಬಂಧದಲ್ಲಿ ಒಂದು ಚೌಕಕ್ಕೆ ಒಂದು ಅಕ್ಷರ, ಅಂದರೆ ಒತ್ತು, ಗುಣಿತ, ಸೊನ್ನೆ ಎಲ್ಲ ಸೇರಿದ ಪೂರ್ಣ ಅಕ್ಷರ. 'ಸ್ತ್ರೀ' ಎಂಬುದು ಒಂದೇ ಚೌಕದಲ್ಲಿ ಕೂರಬೇಕು. ಕಂಪ್ಯೂಟರಿಗೆ ಅದು ಸ, ವಿರಾಮ ಚಿಹ್ನೆ ('ಸ' ಅನ್ನು 'ಸ್' ಮಾಡುವ, ವ್ಯಂಜನದ ಸ್ವರ ಕಳೆಯುವ ಚಿಹ್ನೆ), ತ, ಮತ್ತೊಂದು ವಿರಾಮ ಚಿಹ್ನೆ, ರ, ಈಕಾರದ ಚಿಹ್ನೆ ಎಂಬ ಆರು ಯುನಿಕೋಡ್ ಸಂಕೇತಗಳ ಸಾಲು (ಲಿಪಿಗಳ ಒಂದೊಂದು ಚಿಹ್ನೆಗೂ ಒಂದೊಂದು ಸಂಖ್ಯೆ ಕೊಡುವ ಜಾಗತಿಕ ಮಾನಕವೇ ಯುನಿಕೋಡ್). ಆ ಸಂಕೇತಗಳನ್ನು ಉಳಿಸಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ (ಕಂಪ್ಯೂಟರಿನ ಸ್ಮೃತಿಯನ್ನು ಅಳೆಯುವ ಘಟಕ) ಬೇಕಾದ್ದರಿಂದ, ಆ ಒಂದು ಚೌಕದ ತೂಕ 18 ಬೈಟ್.

'ಕರ್ನಾಟಕ' ಎಂಬ ಪದದ ಉದ್ದವೆಷ್ಟು ಎಂದು ಪೈಥಾನ್ ಭಾಷೆಯನ್ನು ಕೇಳಿದರೆ 7 ಎನ್ನುತ್ತದೆ, ಏಕೆಂದರೆ ಅದು ಸಂಕೇತಗಳನ್ನು ಎಣಿಸುತ್ತದೆ. ಬೈಟ್‌ಗಳನ್ನು ಎಣಿಸಿದರೆ 21. ಅಮ್ಮನನ್ನು ಕೇಳಿದರೆ ಕ, ರ್ನಾ, ಟ, ಕ ಎಂದು ನಾಲ್ಕು ಬೆರಳು ಮಡಚುತ್ತಾರೆ. ಯುನಿಕೋಡ್ ಮಾನಕವೇ 'ಬಳಕೆದಾರರ ಕಣ್ಣಿಗೆ ಕಾಣುವ ಅಕ್ಷರ'ಗಳನ್ನು ಬಿಡಿಸುವ ನಿಯಮವೊಂದನ್ನು ಕೊಟ್ಟಿದೆಯಲ್ಲ, ಅದನ್ನು ಬಳಸಿದರೆ ಸಾಕು ಎಂದುಕೊಂಡರೆ ಅದು ಕೊಡುವ ಉತ್ತರ 5: ಕ, ರ್, ನಾ, ಟ, ಕ. ಗುಣಿತವನ್ನು ಅದು ವ್ಯಂಜನಕ್ಕೆ ಅಂಟಿಸುತ್ತದೆ, ಆದರೆ ಒತ್ತಕ್ಷರವನ್ನು ನಡುವೆ ಸೀಳುತ್ತದೆ. 2023ರಲ್ಲಿ ಬಂದ 15.1ನೇ ಆವೃತ್ತಿಯಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಒತ್ತಕ್ಷರವನ್ನು ಇಡಿಯಾಗಿ ಉಳಿಸುವ ನಿಯಮ ಸೇರಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆದ್ದರಿಂದ ಅಕ್ಷರ ಬಿಡಿಸುವ ನಿಯಮವನ್ನು ನಾನೇ ಬರೆದುಕೊಳ್ಳಬೇಕಾಯಿತು.

ನಿಯಮದ ತಿರುಳು ಸರಳವಾಗಿದೆ: ಒಂದು ವ್ಯಂಜನ, ಅದರ ಹಿಂದೆ ವಿರಾಮ ಚಿಹ್ನೆಯಿಂದ ಕೂಡಿಕೊಂಡ ಎಷ್ಟಾದರೂ ವ್ಯಂಜನಗಳು, ಬೇಕಿದ್ದರೆ ಒಂದು ಸ್ವರಚಿಹ್ನೆ, ಬೇಕಿದ್ದರೆ ಅನುಸ್ವಾರ ಅಥವಾ ವಿಸರ್ಗ, ಇಲ್ಲವೇ ಬಿಡಿಯಾದ ಒಂದು ಸ್ವರ. ಕಷ್ಟವಿರುವುದು ಅಂಚುಗಳಲ್ಲಿ. 'ರಾಜ್‌ಕುಮಾರ್' ಎಂಬ ಹೆಸರಿನ ನಡುವೆ, ಜ ಮತ್ತು ಕು ಒತ್ತಾಗಿ ಕೂಡಿಕೊಳ್ಳದಂತೆ ತಡೆಯುವ ಒಂದು ಅದೃಶ್ಯ ಸಂಕೇತವಿರುತ್ತದೆ. ಅದನ್ನು ಕಂಡ ಕೂಡಲೇ ಅಕ್ಷರ ಮುಗಿಯಿತೆಂದು ತಿಳಿಯಬೇಕು. 'ಸೂರ್ಯ'ದಲ್ಲಿ ಬರುವ ಅರ್ಕಾವೊತ್ತು 'ರ‍್ಯಾಂಕ್' ಎಂದು ಬರೆಯುವಾಗ ಬರಬಾರದು, ಅದಕ್ಕಾಗಿ ಅಲ್ಲಿ ಇನ್ನೊಂದು ಬಗೆಯ ಅದೃಶ್ಯ ಸಂಕೇತ ಕುಳಿತಿರುತ್ತದೆ. ಅದು ಅಕ್ಷರವನ್ನು ಒಡೆಯಬಾರದು. 'ಬಸ್' ಎಂಬುದಕ್ಕೆ ಚೌಕ ಒಂದೋ ಎರಡೋ ಎಂಬ ಪ್ರಶ್ನೆಗೆ ಯಾವ ಮಾನಕದಲ್ಲೂ ಉತ್ತರ ಸಿಗಲಿಲ್ಲ. "ಎರಡಪ್ಪಾ, ಅದರಲ್ಲೇನು ಅನುಮಾನ?" ಎಂದು ಅಮ್ಮ ತೀರ್ಪು ಕೊಟ್ಟರು. ಪದಬಂಧದ ಮಟ್ಟಿಗೆ ಅವರ ಮಾತಿಗಿಂತ ದೊಡ್ಡ ಮಾನಕ ನನಗೆ ಬೇಕಿರಲಿಲ್ಲ.

ನಿಯಮ ಸರಿಯಾಗಿದೆಯೇ ಎಂದು ನೋಡಲು ನಾನು ಬಳಸಿದ ಮೊದಲ ಪದ 'ವಿಕಟಕವಿ'. ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಎಂದು ಶಾಲೆಯ ಮಕ್ಕಳಿಗೂ ಗೊತ್ತಿರುವ ಪದ ಅದು. ಸಂಕೇತಗಳನ್ನು ಒಂದೊಂದಾಗಿ ತಿರುಗಿಸಿದರೆ ಮೊದಲಿಗೇ ನೆಲೆಯಿಲ್ಲದ ಒಂದು ಗುಡಿಸು ಬಂದು ನಿಲ್ಲುತ್ತದೆ, ಪದ ಎರಡೂ ಕಡೆಯಿಂದ ಒಂದೇ ಅಲ್ಲವೆಂದು ಕಂಪ್ಯೂಟರ್ ಹೇಳುತ್ತದೆ. ಅಕ್ಷರಗಳಾಗಿ ಬಿಡಿಸಿ ತಿರುಗಿಸಿದರೆ ಸರಿಹೋಗುತ್ತದೆ. 'ಕುಬೇರನಿಗೇನಿರಬೇಕು' ಎಂಬುದು ಇನ್ನೂ ಒಳ್ಳೆಯ ಪರೀಕ್ಷೆ. ಅಂದಹಾಗೆ, ಪದಬಂಧ ಕಟ್ಟುವಾಗ ಕನ್ನಡದಲ್ಲಿ ಪದಗಳು ಒಂದನ್ನೊಂದು ಅಡ್ಡಹಾಯುವುದು ಇಂಗ್ಲಿಷಿಗಿಂತ ಬಹಳ ಕಡಿಮೆ. ಅಲ್ಲಿ 26 ಅಕ್ಷರಗಳು. ಇಲ್ಲಿ ಕ, ಕಾ, ಕಿ, ಕೀ ಎಲ್ಲವೂ ಬೇರೆ ಬೇರೆ ಚೌಕಗಳು. ಲು, ರು, ಳು, ದು ಮುಂತಾದ ಉಕಾರಾಂತ ಕೊನೆಗಳು ಇಲ್ಲದಿದ್ದರೆ ನನ್ನ ಪ್ರೋಗ್ರಾಂ ಅರ್ಧ ದಾರಿಯಲ್ಲೇ ಕೈಚೆಲ್ಲುತ್ತಿತ್ತು.

ಇದೇ ಹೊತ್ತಿಗೆ ಕಚೇರಿಯಲ್ಲಿ ಒಂದು ಸಂಘದ ಹಳೆಯ ಸದಸ್ಯರ ಪಟ್ಟಿಯನ್ನು ಹೊಸ ತಂತ್ರಾಂಶಕ್ಕೆ ತುಂಬುವ ಕೆಲಸ ನಡೆದಿತ್ತು. ವಿಳಾಸದ ಅಂಕಣಕ್ಕೆ ನಿಗದಿಯಾಗಿದ್ದದ್ದು 50. ವಿವರಣಾ ಪತ್ರದಲ್ಲಿ ಅದು '50 ಅಕ್ಷರ' ಎಂದಿತ್ತು, ಹಲವು ವರ್ಷಗಳ ಹಿಂದೆ ಬರೆದಿದ್ದ ತುಂಬುವ ಪ್ರೋಗ್ರಾಂ ಅದನ್ನು 50 ಬೈಟ್ ಎಂದು ಓದಿಕೊಂಡಿತ್ತು. ಪರೀಕ್ಷೆಗೆ ಬಳಸಿದ ಮಾದರಿಗಳಲ್ಲಿ ಇಂಗ್ಲಿಷ್ ವಿಳಾಸಗಳಿದ್ದವು, ಕನ್ನಡದ್ದೆಂದರೆ 'ರಮೇಶ', 'ಉಮಾ' ಎಂಬಂಥ ಚಿಕ್ಕ ಹೆಸರುಗಳು. ಎಲ್ಲವೂ ಹಸಿರು ಗುರುತು ಪಡೆದು ತೇರ್ಗಡೆಯಾಗಿದ್ದವು. 'ದೊಡ್ಡಬಳ್ಳಾಪುರ ತಾಲ್ಲೂಕು' ಎಂಬುದನ್ನು ಓದುವವರು ಒಂಬತ್ತು ಅಕ್ಷರಗಳೆಂದು ಎಣಿಸುತ್ತಾರೆ. ಇಂಗ್ಲಿಷಿನಲ್ಲಿ ಬರೆದರೆ ನಡುವಿನ ಖಾಲಿ ಜಾಗವೂ ಸೇರಿ 20 ಬೈಟ್, ಕನ್ನಡದಲ್ಲಿ 64. ಐವತ್ತರಲ್ಲಿ ಕತ್ತರಿಸಿದರೆ ಉಳಿಯುವುದು 'ದೊಡ್ಡಬಳ್ಳಾಪುರ ತಾಲ' ಮತ್ತು ಅದರ ಪಕ್ಕದಲ್ಲಿ, ಮೂರು ಬೈಟ್‌ಗಳಲ್ಲಿ ಒಂದನ್ನಷ್ಟೇ ಉಳಿಸಿಕೊಂಡ ವಿರಾಮ ಚಿಹ್ನೆಯ ಜಾಗದಲ್ಲಿ, ಕಪ್ಪು ವಜ್ರದೊಳಗಿನ ಒಂದು ಪ್ರಶ್ನಾರ್ಥಕ ಚಿಹ್ನೆ.

ಪದಬಂಧಕ್ಕಾಗಿ ಕೂಡಿಟ್ಟಿದ್ದ ತೊಡಕಿನ ಪದಗಳ ಪಟ್ಟಿಯನ್ನು ನಾನು ಪರೀಕ್ಷಾ ಮಾದರಿಯಾಗಿ ಓಡಿಸಿದಾಗ ಇದು ಹೊರಬಿತ್ತು. ಅಲ್ಲಿಂದ ಮುಂದೆ ಒಂದೊಂದೇ ಕಡೆ ಎಣಿಕೆಯ ಮಾನ ಬದಲಾಗುವುದನ್ನು ಗುರುತಿಸುತ್ತಾ ಹೋದೆವು. ಒರಾಕಲ್ ಡೇಟಾಬೇಸಿನಲ್ಲಿ ಅಂಕಣದ ಉದ್ದವನ್ನು ಬೇರೇನೂ ಹೇಳದೆ ಕೊಟ್ಟರೆ ಅದು ಬೈಟ್‌ಗಳ ಲೆಕ್ಕ. ಮೈಎಸ್‌ಕ್ಯೂಎಲ್ ಮತ್ತು ಪೋಸ್ಟ್‌ಗ್ರೆಸ್‌ಗಳಲ್ಲಿ ಸಂಕೇತಗಳ ಲೆಕ್ಕ. ಮೊಬೈಲ್ ಸಂದೇಶವು ಬರೀ ಇಂಗ್ಲಿಷ್ ಅಕ್ಷರಗಳಲ್ಲಿದ್ದರೆ ಒಂದಕ್ಕೆ 160ರವರೆಗೆ ಹಿಡಿಯುತ್ತದೆ, ಒಂದೇ ಒಂದು ಕನ್ನಡ ಸಂಕೇತ ನುಸುಳಿದರೂ ಇಡೀ ಸಂದೇಶದ ಮಿತಿ 70ಕ್ಕೆ ಇಳಿಯುತ್ತದೆ, ಅದನ್ನೂ ಮೀರಿ ತುಂಡಾದರೆ ಪ್ರತಿ ತುಂಡಿಗೆ 67. ಹಾಗಾಗಿ 'ಮಾನ್ಯ ಸದಸ್ಯರೇ' ಎಂದು ಗೌರವದಿಂದ ಶುರುವಾಗುವ ಸಾಲದ ಕಂತಿನ ಸಂದೇಶಕ್ಕೆ ಎರಡು ಅಥವಾ ಮೂರು ಸಂದೇಶಗಳ ದುಡ್ಡು ಬೀಳುತ್ತದೆ. ಸಂದೇಶದ ಒಕ್ಕಣೆಯನ್ನು ಮೊದಲೇ ನೋಂದಾಯಿಸಬೇಕಾದ ವ್ಯವಸ್ಥೆ ನಮ್ಮಲ್ಲಿ ಇರುವುದರಿಂದ, ಆಮೇಲೆ ಒಂದು ಪದ ಕಡಿಮೆ ಮಾಡೋಣವೆಂದರೂ ಮತ್ತೆ ಮೊದಲಿನಿಂದ ಅರ್ಜಿ. ಕನ್ನಡದ ಸಂದೇಶ ದುಬಾರಿ, ಇಂಗ್ಲಿಷಿನಲ್ಲೇ ಕಳುಹಿಸೋಣ ಎಂಬ ಸಲಹೆ ಸಭೆಯಲ್ಲಿ ಬಂದೇ ಬಂದಿತು. ಓದಲಾಗದ ಸಂದೇಶವನ್ನು ಅಗ್ಗವಾಗಿ ಕಳುಹಿಸುವುದು ಉಳಿತಾಯವಲ್ಲ ಎಂದು ನಾನು ಹೇಳಿದೆ. ಒಕ್ಕಣೆಯನ್ನು ಬಿಗಿಗೊಳಿಸಿ ಎರಡು ತುಂಡುಗಳಿಗೆ ತಂದು ನಿಲ್ಲಿಸಿದೆವು.

ರಸೀದಿ ಮುದ್ರಿಸುವ ಪುಟ್ಟ ಯಂತ್ರದ ಲೆಕ್ಕವೇ ಬೇರೆ. 58 ಮಿಲಿಮೀಟರ್ ಅಗಲದ ಕಾಗದದ ಮೇಲೆ ಸಾಮಾನ್ಯವಾಗಿ ಒಂದು ಸಾಲಿಗೆ 384 ಚುಕ್ಕಿಗಳು, ಇಂಗ್ಲಿಷಿನಲ್ಲಾದರೆ 32 ಅಕ್ಷರಗಳು. ನಾವು ಬಳಸುವ ಯಂತ್ರಗಳಲ್ಲಿ ಕನ್ನಡದ ಅಕ್ಷರಗಳಿಲ್ಲ, ಇಡೀ ಸಾಲನ್ನು ಚಿತ್ರವಾಗಿ ಬಿಡಿಸಿ ಕಳುಹಿಸಬೇಕು. ಅಲ್ಲಿ ಬೈಟ್, ಸಂಕೇತ, ಅಕ್ಷರ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. 'ಠ'ಕ್ಕಿಂತ 'ಮೌ' ಎಷ್ಟು ಚುಕ್ಕಿ ಅಗಲ ಎಂಬುದೊಂದೇ ಪ್ರಶ್ನೆ. ಒತ್ತು ಕೆಳಗೆ ಇಳಿಯುವುದರಿಂದ ಸಾಲುಗಳ ನಡುವಿನ ಅಂತರವನ್ನೂ ಹೆಚ್ಚಿಸಬೇಕು, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ನುಂಗುತ್ತದೆ.

ಇಷ್ಟಾದ ಮೇಲೆ ವಿವರಣಾ ಪತ್ರದಲ್ಲಿ ನಾವು ಮಾಡಿಕೊಂಡ ಬದಲಾವಣೆ ತೀರ ಸಣ್ಣದು: ಉದ್ದದ ಮಿತಿ ಎಲ್ಲಿ ಬಂದರೂ ಅಂಕಿಯ ಪಕ್ಕದಲ್ಲಿ ಅದರ ಮಾನವನ್ನು ಬರೆಯಬೇಕು. '200 ಸಂಕೇತ', '70 ಸಂಕೇತ, ಒಂದು ಸಂದೇಶ', '384 ಚುಕ್ಕಿ' ಹೀಗೆ. ಬರೀ 'ಅಕ್ಷರ' ಎಂದು ಬರೆದಿದ್ದರೆ ಪರಿಶೀಲನೆಯಲ್ಲೇ ಅದು ವಾಪಸು ಹೋಗುತ್ತದೆ.

ಮನೆಯ ಕೋಡನ್ನು ಕಚೇರಿಗೆ ಹಾಗೆಯೇ ತಂದು ಅಂಟಿಸಲಿಲ್ಲ ಎಂಬುದನ್ನೂ ಹೇಳಬೇಕು. ನೌಕರಿಯ ಒಪ್ಪಂದಗಳಲ್ಲಿ ನೌಕರರು ಬರೆದದ್ದು ಯಾರ ಸೊತ್ತು ಎಂಬ ಕಲಮು ಸಾಮಾನ್ಯವಾಗಿ ಇದ್ದೇ ಇರುತ್ತದೆ, ಹವ್ಯಾಸದ ಕೆಲಸ ಅದರ ವ್ಯಾಪ್ತಿಗೆ ಬರುತ್ತದೆಯೇ ಎಂಬುದು ಆಯಾ ಒಪ್ಪಂದದ ಮಾತುಗಳ ಮೇಲೆ ನಿಂತಿದೆ. ನಾನು ಮೊದಲೇ ವ್ಯವಸ್ಥಾಪಕರಿಗೆ ತಿಳಿಸಿ, ಲಿಖಿತ ಒಪ್ಪಿಗೆ ಪಡೆದು, ಅಕ್ಷರ ಬಿಡಿಸುವ ಭಾಗವನ್ನು ಮುಕ್ತ ಪರವಾನಗಿಯಲ್ಲಿ ಹೊರಗಿಟ್ಟೆ. ಕಚೇರಿ ಅದನ್ನು ಹೊರಗಿನ ಯಾವುದೇ ಲೈಬ್ರರಿಯಂತೆ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನಂತೆ, ಬಳಸಿಕೊಂಡಿತು. ಹವ್ಯಾಸವಿರುವ ಕಿರಿಯ ಸಹೋದ್ಯೋಗಿಗಳಿಗೆ ಈ ಒಂದು ಕಾಗದವನ್ನು ಮೊದಲು ಪಡೆಯಿರಿ ಎಂದೇ ನಾನು ಹೇಳುತ್ತೇನೆ.

ತೊಡಕಿನ ಪದಗಳ ಪಟ್ಟಿ ಮಾತ್ರ ಇಡೀ ತಂಡದ್ದಾಯಿತು, ದಿನದಿಂದ ದಿನಕ್ಕೆ ಬೆಳೆಯುತ್ತಲೂ ಇದೆ. ಅದರಲ್ಲಿ 'ಕೋಲಾರ' ಎರಡು ಸಲ ಇದೆ: ಓಕಾರವನ್ನು ಒಂದೇ ಸಂಕೇತವಾಗಿ ಬರೆದದ್ದು, ಅದನ್ನೇ ಮೂರು ಬಿಡಿ ಚಿಹ್ನೆಗಳಾಗಿ ಬರೆದದ್ದು. ತೆರೆಯ ಮೇಲೆ ಎರಡಕ್ಕೂ ವ್ಯತ್ಯಾಸವಿಲ್ಲ, ಹುಡುಕಿದರೆ ಒಂದು ಸಿಕ್ಕಾಗ ಇನ್ನೊಂದು ಸಿಗುವುದಿಲ್ಲ. ಯುನಿಕೋಡಿನ ಏಕರೂಪಗೊಳಿಸುವ ಕ್ರಮವನ್ನು ದತ್ತಾಂಶ ಒಳಬರುವ ಬಾಗಿಲಲ್ಲೇ ಅನ್ವಯಿಸಿದರೆ ಇದು ಬಗೆಹರಿಯುತ್ತದೆ. ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆಯನ್ನು ಒತ್ತಿ ಟೈಪು ಮಾಡಿದ 'ಬೆ೦ಗಳೂರು' ಹಾಗೆ ಬಗೆಹರಿಯುವುದಿಲ್ಲ, ಏಕೆಂದರೆ ಮಾನಕದ ದೃಷ್ಟಿಯಲ್ಲಿ ಅವು ನಿಜವಾಗಿಯೂ ಬೇರೆ ಬೇರೆ. ಅಕ್ಷರದ ಬೆನ್ನಿಗೆ ಬಂದ ಸೊನ್ನೆಯನ್ನು ಅನುಸ್ವಾರವೆಂದೂ ಅಂಕಿಯ ಬೆನ್ನಿಗೆ ಬಂದದ್ದನ್ನು ಅಂಕಿಯೆಂದೂ ತಿಳಿಯುವ ನಿಯಮವನ್ನು ನಾವೇ ಸೇರಿಸಿದೆವು. ಹೆಸರಿನಲ್ಲಿ ಅಕ್ಷರ ಬಿಟ್ಟು ಬೇರೇನೂ ಇರಬಾರದೆಂದು ತಡೆಯುವ ಸಾಮಾನ್ಯ ಪರೀಕ್ಷೆಯನ್ನು ಪೈಥಾನ್‌ನ ಜೊತೆಗೇ ಬರುವ ರೆಜೆಕ್ಸ್‌ನಲ್ಲಿ (ಪಠ್ಯದಲ್ಲಿ ಒಂದು ನಮೂನೆಯನ್ನು ಹುಡುಕುವ ಸಾಧನ) ಬರೆದರೆ 'ಕನ್ನಡ' ಎಂಬುದು 'ಕನ', 'ನಡ' ಎಂದು ಎರಡು ತುಂಡಾಗುತ್ತದೆ, ಏಕೆಂದರೆ ವಿರಾಮ ಚಿಹ್ನೆ ಮತ್ತು ಗುಣಿತದ ಚಿಹ್ನೆಗಳನ್ನು ಅದು ಅಕ್ಷರಗಳೆಂದು ಎಣಿಸುವುದಿಲ್ಲ. ಹೀಗೆ ತನ್ನ ಹೆಸರೇ ತಪ್ಪೆಂದು ತೆರೆಯ ಮೇಲೆ ಓದಬೇಕಾದ ಸದಸ್ಯರು ಸುಮ್ಮನೆ ಇಂಗ್ಲಿಷಿನಲ್ಲಿ ತುಂಬಿ ಹೋಗುತ್ತಾರೆ, ದೂರು ಕೊಡುವುದಿಲ್ಲ. ಆದ್ದರಿಂದ ದೂರು ಬಂದಿಲ್ಲವೆಂಬುದನ್ನು ನಾನು ಪುರಾವೆಯಾಗಿ ತೆಗೆದುಕೊಳ್ಳುವುದಿಲ್ಲ.

ಸದ್ಯ ನನ್ನ ಮೇಜಿನ ಮೇಲಿರುವುದು ಅಕಾರಾದಿ ಕ್ರಮದ ಕೆಲಸ. ಯುನಿಕೋಡಿನಲ್ಲಿ 'ಳ'ಕಾರದ ಸಂಕೇತವು 'ಲ'ಕಾರದ ಪಕ್ಕದಲ್ಲಿದೆ, ನಮ್ಮ ವರ್ಣಮಾಲೆಯಲ್ಲಿ ಅದು 'ಹ'ಕಾರದ ನಂತರ ಬರುತ್ತದೆ. ಸಂಕೇತಗಳ ಕ್ರಮದಲ್ಲೇ ಊರುಗಳನ್ನು ಜೋಡಿಸಿದರೆ ಬಳ್ಳಾರಿಯು ಬಸವಕಲ್ಯಾಣಕ್ಕಿಂತ ಮುಂಚೆ ಬರುತ್ತದೆ, ನಿಘಂಟು ನೋಡಿ ಬೆಳೆದ ಕಾರ್ಯದರ್ಶಿಗಳು ಅದನ್ನು ನಂತರದಲ್ಲಿ ಹುಡುಕುತ್ತಾರೆ. ಕನ್ನಡಕ್ಕೆಂದೇ ಇರುವ ಜೋಡಣೆಯ ನಿಯಮಗಳನ್ನು ಡೇಟಾಬೇಸಿನ ಆ ಅಂಕಣಕ್ಕೆ ಹಚ್ಚುವ ಕೆಲಸ ಮುಗಿದಿದೆ. ಹಳೆಯ ಮುದ್ರಿತ ಪಟ್ಟಿಗಳ ಪುಟಸಂಖ್ಯೆಯನ್ನೇ ನೆಚ್ಚಿಕೊಂಡಿರುವ ಸಂಘಗಳಿಗೆ ಹೊಸ ಕ್ರಮದ ಪಟ್ಟಿಯನ್ನು ಯಾವಾಗ ಕೊಡುವುದೆಂದು ಮಾರ್ಚ್ ತಿಂಗಳ ಲೆಕ್ಕಪತ್ರ ಮುಗಿದ ಮೇಲೆ ಅವರೊಡನೆ ಕುಳಿತು ತೀರ್ಮಾನಿಸುತ್ತೇವೆ.