ಹೆದರಿದ ಬಡ್ಜಿಯನ್ನು ಪಂಜರಕ್ಕೆ ಮರಳಿಸುವುದು

ಬಡ್ಜಿ, ಅಂದರೆ ಮನೆಯಲ್ಲಿ ಸಾಕುವ ಪುಟ್ಟ ಗಿಳಿ, ಪಂಜರದಿಂದ ನುಸುಳಿ ಕೋಣೆಯಲ್ಲಿ ಹಾರಾಡುತ್ತಿದೆಯೇ? ಮೊದಲು ಸೀಲಿಂಗ್ ಫ್ಯಾನ್ ಆರಿಸಿ. ಹಕ್ಕಿ ಎಲ್ಲಿ ಕೂತಿದೆ ಎಂದು ಹುಡುಕುವುದು ಆಮೇಲೆ. ರೆಗ್ಯುಲೇಟರ್ ತಗ್ಗಿಸಿದರೆ ಸಾಲದು. ಸ್ವಿಚ್ಚನ್ನೇ ಆರಿಸಿ, ಫ್ಯಾನ್ ಪೂರ್ತಿ ನಿಲ್ಲುವವರೆಗೆ ಅಲುಗಾಡದೆ ನಿಂತಿರಿ. ನಮ್ಮ ಮನೆಗಳಲ್ಲಿ ಫ್ಯಾನಿನದೂ ದೀಪದ್ದೂ ಸ್ವಿಚ್ಚು ಒಂದೇ ಬೋರ್ಡಿನಲ್ಲಿರುತ್ತವೆ, ಒಳಗೆ ಬಂದವರು ರೂಢಿಯ ಮೇಲೆ ಎರಡನ್ನೂ ಒತ್ತಿಬಿಡುತ್ತಾರೆ. ಅದಕ್ಕೆ ಫ್ಯಾನಿನ ಸ್ವಿಚ್ಚಿನ ಮೇಲೆ ಒಂದು ತುಂಡು ಟೇಪು ಅಂಟಿಸಿಡಿ.

ಆಮೇಲೆ ಕಿಟಕಿ. ಸೊಳ್ಳೆ ಜಾಲರಿ ನಾಲ್ಕೂ ಮೂಲೆಯಲ್ಲಿ ಬಿಗಿಯಾಗಿದ್ದರೆ ತೆರೆದೇ ಇರಲಿ, ಗಾಳಿ ಬೇಕು. ಬರೀ ಗಾಜಿನ ಕಿಟಕಿಯಾದರೆ ಪರದೆ ಎಳೆಯಿರಿ. ಪರದೆಯಿಲ್ಲದಿದ್ದರೆ ಹಳೆಯ ಬೆಡ್‌ಶೀಟೋ ಪೇಪರೋ ಅಂಟಿಸಿ. ಗಾಜು ಅಡ್ಡವಿದೆ ಎಂದು ಹಕ್ಕಿಗೆ ತಿಳಿಯುವುದಿಲ್ಲ, ಹೆದರಿದಾಗ ಬೆಳಕಿನ ಕಡೆಗೇ ನೇರ ಹಾರಿ ಬಡಿದುಕೊಳ್ಳುತ್ತದೆ. ದೊಡ್ಡ ಕನ್ನಡಿಯಿದ್ದರೆ ಅದನ್ನೂ ಮುಚ್ಚಿ. ಅಡುಗೆಮನೆ, ಬಚ್ಚಲುಮನೆಯ ಬಾಗಿಲು ಹಾಕಿ. ಕುದಿಯುವ ಸಾರಿನ ಪಾತ್ರೆ, ನೀರು ತುಂಬಿದ ಬಕೆಟ್, ಮುಚ್ಚಳ ತೆರೆದ ಕಮೋಡ್ ಮೂರೂ ಬಡ್ಜಿಯ ಜೀವ ತೆಗೆಯಬಲ್ಲವು. ಖಾಲಿ ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಅದರಿಂದ ಏಳುವ ಆವಿಯೂ ಅಷ್ಟೇ. ಯಾವುದೇ ಬಾಗಿಲು ಮುಚ್ಚುವ ಮುನ್ನ ಅದರ ಮೇಲಂಚು ನೋಡಿ: ತೆರೆದ ಬಾಗಿಲಿನ ನೆತ್ತಿ ಬಡ್ಜಿಗೆ ಇಷ್ಟದ ಜಾಗ, ಅದರ ಕಾಲ್ಬೆರಳು ಜಜ್ಜಿಹೋಗುವುದು ಅಲ್ಲೇ.

ಬೆಕ್ಕು, ನಾಯಿ, ಮಕ್ಕಳು, ಸಲಹೆ ಕೊಡುವ ನೆಂಟರು ಎಲ್ಲರೂ ಹೊರಗೆ. ಒಳಗೆ ಒಬ್ಬರೇ ಇರಬೇಕು, ಅದು ದಿನಾ ಕಾಳು ಹಾಕುವವರಾದರೆ ಒಳ್ಳೆಯದು.

ಈಗ ಸುಮ್ಮನೆ ಕೂರಿ. ಇಲ್ಲೇ ಹೆಚ್ಚಿನವರು ಎಡವುವುದು. ಟವೆಲ್ ಹಿಡಿದು ಅಟ್ಟಿದರೆ ಹಕ್ಕಿ ಕರ್ಟನ್ ರಾಡಿನಿಂದ ಟ್ಯೂಬ್‌ಲೈಟಿಗೆ, ಅಲ್ಲಿಂದ ಬೀರುವಿನ ನೆತ್ತಿಗೆ ಹಾರುತ್ತಲೇ ಇರುತ್ತದೆ. ಪಂಜರದಲ್ಲಿ ಬೆಳೆದ ಹಕ್ಕಿಗೆ ಉದ್ದಕ್ಕೆ ಹಾರಿ ಅಭ್ಯಾಸವಿಲ್ಲ, ನಾಲ್ಕಾರು ಸುತ್ತಿಗೇ ಸುಸ್ತಾಗುತ್ತದೆ. ಸುಸ್ತಾದ ಮೇಲೆ ಗೋಡೆಗೆ ತಗುಲಿ ಬೀರುವಿನ ಹಿಂದೆ ಬೀಳುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ನಿಮ್ಮ ಕೈ, ಆ ಟವೆಲ್, ಆ ಪಂಜರ ಮೂರೂ ಒಂದೇ ಭಯವಾಗಿ ಅದರ ತಲೆಯಲ್ಲಿ ಕೂತುಬಿಡುತ್ತವೆ. ಮೇಲಿನಿಂದ ಎರಗುವ ಗಿಡುಗದಂಥ ಬೇಟೆಗಾರರಿಂದ ತಪ್ಪಿಸಿಕೊಂಡೇ ಆಸ್ಟ್ರೇಲಿಯಾದ ಬಯಲಿನಲ್ಲಿ ಬದುಕಿ ಬಂದ ಜಾತಿ ಇದು. ತಲೆಯ ಮೇಲಿಂದ ಬರುವ ಕೈಯನ್ನು ಅದು ನಂಬುವುದಿಲ್ಲ.

ಹೆದರಿದ ಬಡ್ಜಿಯ ಗುರುತು ಸುಲಭ. ಪುಕ್ಕವನ್ನೆಲ್ಲ ಮೈಗೆ ಅಂಟಿಸಿಕೊಂಡು ಸಣ್ಣಗೆ, ಉದ್ದಕ್ಕೆ ನಿಂತಿರುತ್ತದೆ. ಕೊಕ್ಕು ತೆರೆದು ಏದುಸಿರು ಬಿಡುತ್ತದೆ. ಉಸಿರಿನ ಜೊತೆ ಬಾಲ ಮೇಲೆ ಕೆಳಗೆ ಆಡುತ್ತದೆ. ಮುಟ್ಟದೆ ಬಿಟ್ಟರೆ ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷದಲ್ಲಿ ಕೊಕ್ಕು ಮುಚ್ಚುತ್ತದೆ. ಆಮೇಲೆ ಮೈ ಕೊಡವಿಕೊಳ್ಳುತ್ತದೆ, ರೆಕ್ಕೆ ನೀವಿಕೊಳ್ಳುತ್ತದೆ, ಕೊಕ್ಕಿನಿಂದ ಕಿರ್ ಕಿರ್ ಎಂದು ಸಣ್ಣ ಸದ್ದು ಮಾಡುತ್ತದೆ. ಆ ಸದ್ದು ಕೇಳಿದ ಮೇಲೆಯೇ ಮುಂದಿನ ಕೆಲಸ. ಅರ್ಧ ಗಂಟೆ ಕೂತ ಮೇಲೂ ಕೊಕ್ಕು ತೆರೆದೇ ಇದ್ದರೆ ಅದು ಬರೀ ಭಯವಲ್ಲ, ಹಕ್ಕಿ ನೋಡಿ ಗೊತ್ತಿರುವ ಪಶುವೈದ್ಯರಿಗೆ ತೋರಿಸಬೇಕು.

ರಾಯಚೂರು, ಕಲಬುರಗಿ, ಬಳ್ಳಾರಿಯ ಏಪ್ರಿಲ್ ಮಧ್ಯಾಹ್ನದ ಮಾತು ಬೇರೆ. ಫ್ಯಾನ್ ಆರಿಸಿ ಕಿಟಕಿ ಮುಚ್ಚಿದ ಕೋಣೆ ಬೇಗ ಕಾಯುತ್ತದೆ. ಆಗ ಹಕ್ಕಿ ರೆಕ್ಕೆಯನ್ನು ಮೈಯಿಂದ ದೂರ ಸರಿಸಿ ಏದುಸಿರು ಬಿಟ್ಟರೆ ಅದು ಸೆಕೆ. ಒದ್ದೆ ಬಟ್ಟೆಯನ್ನು ಕಿಟಕಿಗೆ ತೂಗುಹಾಕಿ, ನೀರಿನ ಅಗಲ ಬಟ್ಟಲನ್ನು ಎತ್ತರದಲ್ಲಿಡಿ. ಅಂಥ ಹೊತ್ತಿನಲ್ಲಿ ಗಂಟೆಗಟ್ಟಲೆ ಕಾಯುವುದು ಜಾಣತನವಲ್ಲ. ಕೋಣೆ ಕತ್ತಲು ಮಾಡಿ ಹಿಡಿಯುವುದೇ ಮೇಲು, ಆ ವಿಧಾನ ಮುಂದೆ ಇದೆ.

ಹಸಿದ ಬಡ್ಜಿ ಪಂಜರದ ನೆತ್ತಿಗೆ ಬಂದು ಕೂರುತ್ತದೆ, ಕಂಬಿಯ ಮೇಲೆ ಅತ್ತಿತ್ತ ಓಡಾಡುತ್ತದೆ, ಕಂಬಿಯ ಸಂದಿಯಿಂದ ಕಾಳನ್ನು ನೋಡುತ್ತದೆ, ಆದರೂ ಒಳಗೆ ಹೋಗುವುದಿಲ್ಲ. ನೋಡುವವರಿಗೆ ಹಟ ಎನ್ನಿಸುತ್ತದೆ. ನಿಜವಾಗಿ ಅದಕ್ಕೆ ಬಾಗಿಲು ಸಿಕ್ಕಿರುವುದಿಲ್ಲ. ಅಂಗಡಿಯಲ್ಲಿ ಸಿಗುವ ಸಾಧಾರಣ ಪಂಜರದ ಬಾಗಿಲು ಅಂಗೈಯಗಲದ್ದು, ಒಂದೇ ಬದಿಯಲ್ಲಿ, ಕೆಳಭಾಗದಲ್ಲಿ. ಕಾಳಿನ ಕಡೆಗೆ ನೇರ ಹೋಗಲು ನೋಡುವ ಹಕ್ಕಿಗೆ ಸುತ್ತು ಬಳಸಿ ಕೆಳಗಿಳಿದು ಒಳಹೋಗುವುದು ಹೊಳೆಯುವುದಿಲ್ಲ. ಹಾರಿ ಬಂದು ಇಳಿಯೋಣವೆಂದರೆ ಬಾಗಿಲ ಮುಂದೆ ಕಾಲೂರಲು ಜಾಗವೂ ಇಲ್ಲ. ಆದ್ದರಿಂದ ಹಕ್ಕಿಯನ್ನು ಒಲಿಸುವುದಕ್ಕಿಂತ ಬಾಗಿಲನ್ನು ಸರಿಮಾಡುವುದರಲ್ಲೇ ಅರ್ಧ ಕೆಲಸವಿದೆ.

ಒಂದು ಅಡಿ ಉದ್ದದ, ಕಿರುಬೆರಳ ದಪ್ಪದ ಸೀಬೆ ಕೊಂಬೆ ತನ್ನಿ, ತೊಗಟೆ ಇರಲಿ. ಔಷಧಿ ಸಿಂಪಡಿಸದ ಗಿಡದ್ದಾಗಿರಬೇಕು. ಕಣಗಿಲೆ ಬೇಡವೇ ಬೇಡ, ಅದು ವಿಷ. ಕೊಂಬೆಯನ್ನು ಬಾಗಿಲಿನ ಮೂಲಕ ತೂರಿಸಿ ಅರ್ಧ ಒಳಗೆ, ಅರ್ಧ ಹೊರಗೆ ಇರುವಂತೆ ಕಂಬಿಗೆ ಎರಡು ಕಡೆ ಗಟ್ಟಿಯಾಗಿ ಕಟ್ಟಿ. ಅಲುಗಾಡುವ ಕೋಲಿನ ಮೇಲೆ ಒಮ್ಮೆ ಕೂತು ಹೆದರಿದರೆ ಮತ್ತೆ ಬರುವುದಿಲ್ಲ. ಹೆಚ್ಚಿನ ಪಂಜರಗಳ ಬಾಗಿಲು ಮೇಲಕ್ಕೆ ಎತ್ತುವಂಥದ್ದು, ಕೈ ಬಿಟ್ಟರೆ ಗಿಲೊಟಿನ್ನಿನಂತೆ ಕೆಳಗೆ ಬೀಳುತ್ತದೆ. ಅದನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಎತ್ತಿ ನಿಲ್ಲಿಸಿ. ಬಾಗಿಲಿಗೆ ಗಟ್ಟಿ ನೂಲೊಂದನ್ನು ಕಟ್ಟಿ ಪಂಜರದ ನೆತ್ತಿಯ ಕಂಬಿಯ ಮೇಲಿಂದ ಹಾಯಿಸಿ ಏಳೆಂಟು ಅಡಿ ದೂರದ ಕುರ್ಚಿಗೆ ಕಟ್ಟಿಕೊಂಡರೆ ಇನ್ನೂ ಒಳ್ಳೆಯದು, ಕ್ಲಿಪ್ ಬೇಕಾಗುವುದಿಲ್ಲ. ನೂಲನ್ನು ನಿಧಾನ ಸಡಿಲಿಸಿದರೆ ಬಾಗಿಲು ಸದ್ದಿಲ್ಲದೆ ಇಳಿಯುತ್ತದೆ, ನೀವು ಎದ್ದು ಬರಬೇಕಿಲ್ಲ.

ಒಳಗೆ ಏನಿಡಬೇಕು? ನವಣೆ ತೆನೆ. ಇದಕ್ಕಿಂತ ದೊಡ್ಡ ಆಮಿಷ ಬಡ್ಜಿಗಿಲ್ಲ. ಹೊರದೇಶಗಳಲ್ಲಿ ಪೊಟ್ಟಣ ಕಟ್ಟಿ ಹಕ್ಕಿಯ ತಿಂಡಿಯೆಂದು ಮಾರುವುದೂ ಇದೇ ಜಾತಿಯ ತೆನೆ. ನಮ್ಮಲ್ಲಿ ನವಣೆ ಬೆಳೆಯುವ ಊರುಗಳಲ್ಲಿ ಕೊಯ್ಲಿನ ಹೊತ್ತಿಗೆ ಒಂದು ಕಟ್ಟು ತಂದು ಒಣಗಿಸಿಟ್ಟರೆ ವರ್ಷಕ್ಕಾಗುತ್ತದೆ. ತೆನೆಯನ್ನು ಬಾಗಿಲಿನಿಂದ ನಾಲ್ಕೈದು ಇಂಚು ಒಳಗೆ, ಆ ಕೊಂಬೆಯ ಮೇಲೆ ಕೂತರೆ ಎಟುಕುವಂತೆ ತೂಗುಹಾಕಿ. ಬಾಗಿಲಲ್ಲೇ ಕಟ್ಟಿದರೆ ಹೊರಗೆ ನಿಂತೇ ತಿಂದು ಹೋಗುತ್ತದೆ. ಕೋಣೆಯಲ್ಲಿ ಬೇರೆಲ್ಲೂ ಕಾಳಿರಬಾರದು. ಹಾಗೆಂದು ಹಸಿವಿನಿಂದ ಬಗ್ಗಿಸಲು ಹೋಗಬೇಡಿ. 30ರಿಂದ 40 ಗ್ರಾಂ ತೂಗುವ ಈ ಜೀವಕ್ಕೆ ಹಗಲಿನಲ್ಲಿ ಮೂರ್ನಾಲ್ಕು ಗಂಟೆ ಕಾಳಿಲ್ಲದಿರುವುದೇ ಹೆಚ್ಚು. ಅಷ್ಟರಲ್ಲಿ ಬರದಿದ್ದರೆ ಪಂಜರದ ನೆತ್ತಿಯ ಮೇಲೆ ಸ್ವಲ್ಪ ಕಾಳು ಹಾಕಿ, ಸಂಜೆಯವರೆಗೆ ಕಾಯಿರಿ.

ಪಂಜರವನ್ನು ಹಕ್ಕಿಯ ಹತ್ತಿರ ಒಯ್ಯಬೇಡಿ. ಅದರ ಮನಸ್ಸಿನಲ್ಲಿ ಮನೆಯೆಂದರೆ ಪಂಜರವೂ ಹೌದು, ಪಂಜರವಿದ್ದ ಜಾಗವೂ ಹೌದು. ಎಂದಿನ ಜಾಗದಲ್ಲೇ ಇಟ್ಟು ನೋಡಿ. ಪಂಜರ ನೆಲದ ಮೇಲೋ ಮೊಣಕಾಲೆತ್ತರದಲ್ಲೋ ಇದ್ದರೆ ಮಾತ್ರ ಅಲ್ಲಿಯೇ ಒಂದು ಟೇಬಲ್ ಹಾಕಿ ಎತ್ತರಿಸಿ. ಹೆದರಿದ ಹಕ್ಕಿ ಎತ್ತರ ಬಿಟ್ಟು ಕೆಳಗಿಳಿಯಲು ಒಪ್ಪುವುದಿಲ್ಲ.

ಜೋಡಿ ಹಕ್ಕಿಯಿದ್ದರೆ ನಿಮ್ಮ ಕೆಲಸ ಹಗುರ. ಬಡ್ಜಿ ಗುಂಪಿನ ಹಕ್ಕಿ; ಒಳಗಿನದು ತಿನ್ನುತ್ತಾ ಚಿಲಿಪಿಲಿಗುಟ್ಟುವುದು ಕೇಳಿದರೆ ಹೊರಗಿನದು ತಾನಾಗಿ ಹತ್ತಿರ ಬರುತ್ತದೆ. ಆಗ ಬಾಗಿಲು ತೆರೆದರೆ ಒಳಗಿನದೂ ಹೊರಬಂದೀತೆಂಬ ಚಿಂತೆ ಸಹಜ, ಒಂದು ಸಣ್ಣ ಪಂಜರದಲ್ಲಿ ಅದನ್ನು ಹಾಕಿ ದೊಡ್ಡ ಪಂಜರದ ಪಕ್ಕಕ್ಕೆ ತಾಗಿಸಿಡಿ. ಒಂಟಿ ಹಕ್ಕಿಯಾದರೆ ಫೋನಿನಲ್ಲಿ ಬಡ್ಜಿಗಳ ಕಲರವವನ್ನು ಸಣ್ಣ ದನಿಯಲ್ಲಿ ಹಾಕಿ ಫೋನನ್ನು ಪಂಜರದ ಹಿಂದೆ ಇಡಬಹುದು. ಜೋರಾಗಿ ಹಾಕಿದರೆ ಕೆಲಸ ಕೆಡುತ್ತದೆ.

ಹಗಲಲ್ಲಿ ಬಾರದ ಹಕ್ಕಿ ಸಂಜೆ ಬರುವುದುಂಟು. ಸೂರ್ಯ ಮುಳುಗುವ ಮುಂಚಿನ ಒಂದು ಗಂಟೆ ಅದಕ್ಕೆ ಹೊಟ್ಟೆ ತುಂಬಿಕೊಳ್ಳುವ, ಮಲಗುವ ಜಾಗ ಹುಡುಕುವ ಹೊತ್ತು. ಕೋಣೆಯ ದೀಪಗಳನ್ನು ಹಾಕಬೇಡಿ. ಪಂಜರದ ಪಕ್ಕದಲ್ಲಿ ಮಾತ್ರ ಒಂದು ಟೇಬಲ್ ಲ್ಯಾಂಪ್ ಹಚ್ಚಿ, ಬೆಳಕು ಒಳಗಿನ ತೆನೆಯ ಮೇಲೆ ಬೀಳಲಿ. ಸುತ್ತ ಮಬ್ಬಾದಂತೆ ಹಕ್ಕಿ ಬೆಳಕಿರುವಲ್ಲಿಗೆ ಸರಿಯುತ್ತದೆ. ಒಳಗೆ ಹೋದ ತಕ್ಷಣ ಬಾಗಿಲಿಗೆ ನುಗ್ಗಬೇಡಿ. ಬಾಲ ಪೂರ್ತಿ ಒಳಗಿದೆಯೇ, ತಲೆ ತಗ್ಗಿಸಿ ತಿನ್ನುತ್ತಿದೆಯೇ ನೋಡಿ, ಒಂದೆರಡು ನಿಮಿಷ ಬಿಟ್ಟು ನೂಲು ಸಡಿಲಿಸಿ. ಹೊರಗೆ ಚಾಚಿದ ಕೊಂಬೆ ಬಾಗಿಲಿಗೆ ಅಡ್ಡವಾಗುವಂತಿದ್ದರೆ ಬಾಗಿಲು ಅದರ ಮೇಲೆ ನಿಂತಾಗ ಉಳಿಯುವ ಸಂದು ಒಂದು ಬೆರಳಿಗಿಂತ ಹೆಚ್ಚಿರದಂತೆ ಮೊದಲೇ ಕಟ್ಟಿಕೊಳ್ಳಿ.

ಕೈಗೆ ಸ್ವಲ್ಪ ಒಗ್ಗಿದ ಹಕ್ಕಿಯಾದರೆ ಕೋಲು ಹತ್ತಿಸಿ ತರಬಹುದು. ಎರಡಡಿ ಕೋಲನ್ನು ಅದರ ಕಣ್ಣಿಗೆ ಕಾಣುವಂತೆ ಮುಂದಿನಿಂದ, ಕೆಳಮಟ್ಟದಿಂದ ನಿಧಾನ ತಂದು, ಕಾಲಿಗಿಂತ ತುಸು ಮೇಲೆ, ಹೊಟ್ಟೆಯ ಬುಡಕ್ಕೆ ಮೆಲ್ಲಗೆ ತಾಗಿಸಿ. ಸಮತೋಲ ತಪ್ಪಿದಂತಾಗಿ ಕಾಲೆತ್ತಿ ಕೋಲಿಗಿಡುತ್ತದೆ. ಆಮೇಲೆ ಕೋಲನ್ನು ಸಮಮಟ್ಟದಲ್ಲಿ ಹಿಡಿದು ನಡೆಯಿರಿ. ಬಾಗಿಲ ಹತ್ತಿರ ಹಾರಿಹೋದರೆ ಬೇಸರ ಬೇಡ. ಎರಡು ಸಲ ಹಾಗಾದರೆ ನಿಲ್ಲಿಸಿ, ಸಂಜೆಗೆ ಬಿಡಿ.

ಹಕ್ಕಿ ಬೀರು ಅಥವಾ ಫ್ರಿಜ್ಜಿನ ಹಿಂದೆ ಬಿದ್ದಿದ್ದರೆ ಬೀರುವನ್ನಾಗಲಿ ಫ್ರಿಜ್ಜನ್ನಾಗಲಿ ಎಳೆಯಬೇಡಿ, ಹಕ್ಕಿ ಸಿಕ್ಕಿಕೊಳ್ಳುತ್ತದೆ. ಫ್ರಿಜ್ಜಿನ ಪ್ಲಗ್ ತೆಗೆಯಿರಿ. ಕೋಣೆ ಕತ್ತಲು ಮಾಡಿ ಒಂದು ಬದಿಯ ಸಂದಿಗೆ ಟಾರ್ಚ್ ಹಿಡಿದರೆ ಹಕ್ಕಿ ಬೆಳಕಿನತ್ತ ನಡೆದು ಬರುತ್ತದೆ. ಮೇಲೆ ಬರಲಾಗದ ಇಕ್ಕಟ್ಟಾದರೆ ದಪ್ಪ ಹತ್ತಿ ಹಗ್ಗವೊಂದನ್ನು ಇಳಿಬಿಡಿ, ಕೊಕ್ಕಿನಿಂದ ಹಿಡಿದು ಹತ್ತುತ್ತದೆ.

ಇನ್ನು ಹಿಡಿಯುವ ವಿಚಾರ. ಗಾಯವಾಗಿದ್ದರೆ, ಸೆಕೆ ಮಿತಿಮೀರಿದ್ದರೆ, ಮನೆ ಬಿಟ್ಟು ಹೊರಡಲೇಬೇಕಾಗಿದ್ದರೆ ಮಾತ್ರ ಇದು. ಬಡ್ಜಿಗೆ ಕತ್ತಲಲ್ಲಿ ಕಣ್ಣು ಕಾಣುವುದು ಕಡಿಮೆ, ಬೆಳಕು ಹೋದರೆ ಕೂತಲ್ಲೇ ಕೂರುತ್ತದೆ. ಅದು ನಿಮ್ಮ ಕೈಗೆ ಎಟುಕುವ ಜಾಗದಲ್ಲಿ ಕೂತಾಗ ಆ ಜಾಗವನ್ನು ಕಣ್ಣಲ್ಲಿ ಅಳೆದಿಟ್ಟುಕೊಂಡು ಇನ್ನೊಬ್ಬರಿಂದ ದೀಪ ಆರಿಸಿ. ಕೈಯಲ್ಲಿ ತೆಳುವಾದ ಹತ್ತಿ ಬಟ್ಟೆ ಇರಲಿ, ಪಂಚೆಯ ತುಂಡು ಸಾಕು. ಟರ್ಕಿ ಟವೆಲ್ ಬೇಡ, ಅದರ ಎಳೆಗಳಿಗೆ ಉಗುರು ಸಿಕ್ಕಿಕೊಳ್ಳುತ್ತದೆ. ಒಂದೇ ಸಲಕ್ಕೆ ಬೆನ್ನು, ರೆಕ್ಕೆ ಸೇರಿಸಿ ಮುಚ್ಚಿ. ತೋರುಬೆರಳು ಮತ್ತು ನಡುಬೆರಳಿನ ನಡುವೆ ಕತ್ತು, ಅಂಗೈಗೆ ಬೆನ್ನು. ಹೆಬ್ಬೆರಳು, ಉಳಿದ ಬೆರಳುಗಳು ರೆಕ್ಕೆಯನ್ನು ತಡೆದರೆ ಸಾಕು. ಎದೆ ಒತ್ತಬಾರದು. ಹಕ್ಕಿಗೆ ನಮ್ಮಂತೆ ವಪೆ (ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರಾಡಿಸುವ ಸ್ನಾಯು) ಇಲ್ಲ, ಎದೆಮೂಳೆ ಮುಂದೆ ಹಿಂದೆ ಆಡಿದರೆ ಮಾತ್ರ ಉಸಿರು. ಮೂತಿ ಆಡಬಲ್ಲದು, ಕೊಕ್ಕು ತೆರೆಯಬಲ್ಲದು, ಆದರೂ ಎದೆ ಬಿಗಿಹಿಡಿದರೆ ಉಸಿರುಗಟ್ಟಿ ಸಾಯುತ್ತದೆ. ಕಚ್ಚುವುದು ಖಂಡಿತ. ಕಚ್ಚಿದಾಗ ಬಿಗಿ ಮಾಡುವುದೂ ಕೊಡವುವುದೂ ನಮ್ಮ ಸಹಜ ಚಾಳಿ, ಅದಕ್ಕೇ ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡು ಕೈ ಹಾಕಬೇಕು. ಪಂಜರದ ಬಾಗಿಲೊಳಗೆ ಕೈ ಇಟ್ಟು, ನೆಲಕ್ಕೆ ಕಾಲು ತಾಗಿದ ಮೇಲೆ ಬೆರಳು ಬಿಡಿಸಿ.

ಒಳಗೆ ಹೋದ ಮೇಲೆ ಪಂಜರದ ಮೂರು ಬದಿಗೆ ಬಟ್ಟೆ ಹೊದಿಸಿ ಒಂದು ಗಂಟೆ ಬಿಟ್ಟುಬಿಡಿ. ಗಾಜಿಗೆ ಬಡಿದುಕೊಂಡಿದ್ದ ಹಕ್ಕಿಯನ್ನು ತೂತು ಮಾಡಿದ ಶೂ ಪೆಟ್ಟಿಗೆಯಲ್ಲಿ, ತಳಕ್ಕೆ ಬಟ್ಟೆ ಹಾಸಿ, ಕತ್ತಲಲ್ಲಿ ಇಡಿ. ಬಾಯಿಗೆ ನೀರು ಹನಿಸಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ರಕ್ತ ಕಂಡರೆ ತಡಮಾಡಬೇಡಿ. ಇಡೀ ಮೈಯಲ್ಲಿರುವುದೇ 3 ಮಿಲಿ ಆಸುಪಾಸು, ಒಂದು ಟೀ ಚಮಚವೂ ತುಂಬುವುದಿಲ್ಲ. ಮುರಿದ ಉಗುರಿಗೆ ಕಾರ್ನ್‌ಫ್ಲೋರ್ ಒತ್ತಿ ಎರಡು ಮೂರು ನಿಮಿಷ ಹಿಡಿಯಿರಿ. ರೆಕ್ಕೆಯಿಂದ ಬರುತ್ತಿದ್ದರೆ ಶುದ್ಧ ಬಟ್ಟೆಯಿಂದ ಮೆಲ್ಲಗೆ ಒತ್ತಿಕೊಂಡೇ ವೈದ್ಯರಲ್ಲಿಗೆ ಹೊರಡಿ.

ಮುಂದೆ ನೀವಾಗಿ ಹೊರಬಿಡುವುದಾದರೆ ಒಂದೆರಡು ರೂಢಿ ಈಗಲೇ ಶುರುಮಾಡಿ. ಹೊಸ ಹಕ್ಕಿಯನ್ನು ಎರಡು ಮೂರು ವಾರ ಹೊರಬಿಡಬೇಡಿ, ಪಂಜರ ತನ್ನದೆಂದು ಅನ್ನಿಸಬೇಕು. ಕಾಳು ಹಾಕುವ ಮುನ್ನ ಪ್ರತಿಸಲವೂ ಡಬ್ಬಿ ಅಲ್ಲಾಡಿಸಿ, ಆ ಸದ್ದು ಕರೆಯಾಗುತ್ತದೆ. ನವಣೆ ತೆನೆಯನ್ನು ಬೇರೆ ಹೊತ್ತಿನಲ್ಲಿ ಕೊಡದೆ, ಹೊರಗೆ ಹಾರಿ ಪಂಜರಕ್ಕೆ ಮರಳಿದಾಗಷ್ಟೇ ಕೊಡಿ. ಸಂಜೆಯ ಕಾಳಿಗೆ ಮುಂಚೆ ಬಿಡಿ, ಹೊಟ್ಟೆ ತುಂಬಿದ ಮೇಲೆ ಬಿಟ್ಟರೆ ಒಳಗೆ ಕರೆಯಲು ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ದೀಪಾವಳಿಯ ವಾರವಂತೂ ಬಾಗಿಲು ತೆರೆಯಲೇಬೇಡಿ. ಪಟಾಕಿ ಸದ್ದಿಗೆ ರಾತ್ರಿ ಪಂಜರದೊಳಗೇ ಬಡಿದುಕೊಳ್ಳುವ ಹಕ್ಕಿಗಳಿವೆ, ಅಂಥವಕ್ಕೆ ಹತ್ತಿರದಲ್ಲಿ ಒಂದು ಮಂದ ದೀಪ ಉರಿಯುತ್ತಿರಲಿ.