ಮೆಷಿನ್ ಮೇಲಿನ ಬೇಲಿ

ಎಂಬಿಎ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡ ವಿಷಯ ಕೇಳಿದರೆ ಈಗ ನಗು ಬರುತ್ತದೆ. ಕೆಲಸದ ಜಾಗದಲ್ಲಿ ಹೆಂಗಸರು ಹೊಸದೇನಾದರೂ ಮಾಡಲು ಏನು ಕಾರಣ? ಅದನ್ನು ಅಳೆಯಬೇಕು!

ಅಳತೆಗೋಲು ಸಿದ್ಧವಿತ್ತು. ಯಾನ್ಸೆನ್ ಎಂಬ ಡಚ್ ಸಂಶೋಧಕರು 2000ರಲ್ಲಿ ಪ್ರಕಟಿಸಿದ ಒಂಬತ್ತು ಪ್ರಶ್ನೆಗಳು. ಮೂರು ಐಡಿಯಾ ಹೊಳೆಯುವುದರ ಬಗ್ಗೆ, ಮೂರು ಅದಕ್ಕೆ ಮೇಲಿನವರನ್ನು ಒಪ್ಪಿಸುವುದರ ಬಗ್ಗೆ, ಮೂರು ಜಾರಿಗೆ ತರುವುದರ ಬಗ್ಗೆ. 'ಎಂದೂ ಇಲ್ಲ' ಅಂದರೆ 1, 'ಯಾವಾಗಲೂ' ಅಂದರೆ 7. ಕನ್ನಡಕ್ಕೆ ಇಳಿಸಿ, ಪ್ರಿಂಟ್ ಹಾಕಿಸಿ, ಪೀಣ್ಯದ ಒಂದು ಗಾರ್ಮೆಂಟ್ಸಿಗೆ ಹೋದೆ.

ಊಟದ ಬಿಡುವಿನಲ್ಲಿ ಒಬ್ಬ ಟೈಲರಕ್ಕ ಫಾರಂ ತುಂಬಿದರು. 'ಸಮಸ್ಯೆಗಳಿಗೆ ನವೀನ ಪರಿಹಾರ ಸೃಷ್ಟಿಸುವಿರಾ?' ಎಂದು ನಾನೇ ಬರೆದಿದ್ದೆ. (ಯಾವ ಜನ್ಮದ ಕನ್ನಡವೋ!) ಒಂಬತ್ತಕ್ಕೂ 1.

ಆದರೆ ಅವರ ಮೆಷಿನ್ನಿನಲ್ಲಿ ಸೂಜಿಯ ಪಕ್ಕ ಟೇಪಿನ ತುಂಡೊಂದು ಅಂಟಿತ್ತು. ಮೂರ್ನಾಲ್ಕು ಪದರ, ಬೆರಳಿಗೆ ಸಿಗುವಷ್ಟು ದಪ್ಪ. ಬಟ್ಟೆಯ ಅಂಚು ಅದಕ್ಕೆ ತಾಗಿಕೊಂಡೇ ಓಡುತ್ತದೆ, ಹೊಲಿಗೆ ಆಚೀಚೆ ಹೋಗುವುದಿಲ್ಲ, ಪೀಸು ವಾಪಸ್ ಬರುವುದಿಲ್ಲ. ಪುಟ್ಟ ಬೇಲಿ.

"ಇದು ಯಾರ ಐಡಿಯಾ?"

"ಐಡಿಯಾ ಎಲ್ಲಿ ಬಂತು, ಸುಮ್ನೆ ಒಂದು ಉಪಾಯ."

ಅವತ್ತೇ ರಾತ್ರಿ ಫಾರಂ ತಿದ್ದಿದೆ. 'ನವೀನ ಪರಿಹಾರ' ಹೋಗಿ 'ಉಪಾಯ' ಬಂತು. ಮಾರನೇ ದಿನ ಮೊದಲ ಮೂರು ಪ್ರಶ್ನೆಗೆ 5, 6 ಬೀಳತೊಡಗಿತು. ಮೇಲಿನವರನ್ನು ಒಪ್ಪಿಸುವ ಮೂರು ಮಾತ್ರ 1 ಬಿಟ್ಟು ಕದಲಲಿಲ್ಲ.

ತಮಗೆ ತಾವೇ ಜಾಸ್ತಿ ಅಂಕ ಹಾಕಿಕೊಳ್ಳುತ್ತಾರೆ ಎಂಬ ಅನುಮಾನಕ್ಕೆ ಇಂಥ ಅಧ್ಯಯನಗಳಲ್ಲಿ ಮೇಲಧಿಕಾರಿಯಿಂದಲೂ ಅಂಕ ಹಾಕಿಸುವುದುಂಟು. ನಾನೂ ಸೂಪರ್‌ವೈಸರ್ ಕೈಗೆ ಫಾರಂ ಕೊಟ್ಟೆ. "ಅವಳಾ? ಹೇಳಿದಷ್ಟು ಮಾಡ್ತಾಳೆ, ತಂಟೆ ಇಲ್ಲ" ಎಂದು ಟೈಲರಕ್ಕನಿಗೆ ಸಾಲಾಗಿ 2 ಹಾಕಿದರು. ಬೇಲಿ ಅವರ ಕಣ್ಣಿಗೆ ಬಿದ್ದೇ ಇರಲಿಲ್ಲ.

"ಹೇಳಬಹುದಿತ್ತಲ್ವಾ ಅಕ್ಕಾ?"

"ಹೇಳಿದ್ರೆ ಏನು ಕೊಡ್ತಾರೆ? ಗಂಟೆಗೆ ಇನ್ನಷ್ಟು ಪೀಸು ಟಾರ್ಗೆಟ್ ಏರಿಸ್ತಾರೆ. ಈಗ ಉಳಿಯೋ ಹೊತ್ತಲ್ಲಿ ನೀರು ಕುಡಿದು ಬರ್ತೀನಿ."

ನನ್ನ ಪ್ರಾಜೆಕ್ಟಿನಲ್ಲಿ 'ಮೇಲಧಿಕಾರಿಯ ಪ್ರೋತ್ಸಾಹ' ಅಂತ ಒಂದು ಕಾರಣ ಇತ್ತು, 'ಕೆಲಸದ ಸ್ವಾತಂತ್ರ್ಯ' ಅಂತ ಇನ್ನೊಂದು. ನೀರು ಕುಡಿಯುವ ಹೊತ್ತಿಗೆ ಕಾಲಂ ಇರಲಿಲ್ಲ. ಫಾರಂ ಹಿಂದೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಾಗ ಅಕ್ಕ ಬಗ್ಗಿ ನೋಡಿದರು.

"ಟೇಪಿನ ವಿಷಯ ಬರೀತಿದ್ದೀಯಾ? ನನ್ನ ಮೆಷಿನ್ ನಂಬರ್ ಹಾಕ್ಬೇಡ ಮಾರಾಯ್ತಿ."