ಮನೆಯಲ್ಲೇ ಬೈಬಲ್ ಓದುತ್ತೇವಲ್ಲ, ಮತ್ತೆ ಗುಂಪು ಯಾಕೆ?

"ದಿನಾ ಬೆಳಿಗ್ಗೆ ಒಂದು ಅಧ್ಯಾಯ ಓದ್ತೀನಿ, ಭಾನುವಾರ ಚರ್ಚಿನಲ್ಲಿ ಪ್ರಸಂಗ ಕೇಳ್ತೀನಿ. ಇನ್ನು ಹತ್ತು ಜನರ ಜೊತೆ ಕೂತು ಓದೋದು ಯಾಕೆ?" ಮಡಿಕೇರಿ, ಸಿದ್ದಾಪುರ, ವಿರಾಜಪೇಟೆ, ಎಲ್ಲೇ ಬೈಬಲ್ ಅಧ್ಯಯನಕ್ಕೆ ಕರೆದರೂ ಎದುರಾಗುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ.

ಒಬ್ಬರೇ ಓದುವಾಗ ನಮಗೆ ಮೊದಲೇ ಗೊತ್ತಿದ್ದದ್ದೇ ಮತ್ತೆ ಕಾಣಿಸುತ್ತದೆ, ಬಿಟ್ಟುಹೋದದ್ದು ಬಿಟ್ಟೇ ಹೋಗುತ್ತದೆ. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಯೇಸು ಹೇಳುವ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮ್ಯವನ್ನೇ (ದೃಷ್ಟಾಂತ ಕಥೆ) ನೋಡಿ. ಯಜಮಾನ ಬೆಳಗಾಗುತ್ತಲೇ ಆಳು ಕರೆಯುತ್ತಾನೆ. ಆಮೇಲೆ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಹೋಗಿ ಕರೆಯುತ್ತಾನೆ. ಎಲ್ಲರಿಗೂ ಒಂದೇ ದಿನಗೂಲಿ ಕೊಡುತ್ತಾನೆ. ತೋಟದ ಮಾಲೀಕರು ಇದನ್ನು ಓದಿದರೆ ಯಜಮಾನನ ಧಾರಾಳತನ ಮೆಚ್ಚುತ್ತಾರೆ. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯುವ ರೈಟರ್‌ಗೆ ಲೆಕ್ಕ ತಾಳೆಯಾಗುವುದಿಲ್ಲ. ಕೆ.ಜಿ. ಲೆಕ್ಕದಲ್ಲಿ ಕಾಫಿ ಕುಯ್ಯುವವರಿಗೆ ಮೊದಲು ಬಂದವರ ಗೊಣಗಾಟವೇ ಸರಿ ಎನಿಸಬಹುದು. ಕೆಲಸ ಸಿಗದೆ ಸಂಜೆವರೆಗೆ ನಿಂತು ಗೊತ್ತಿರುವವರು 7ನೇ ವಚನದಲ್ಲಿ ತಡೆದು ನಿಲ್ಲುತ್ತಾರೆ: ಸಂಜೆ ಬಂದವರು ಸೋಮಾರಿಗಳಲ್ಲ, ಯಾರೂ ಕರೆಯಲಿಲ್ಲ ಅಷ್ಟೆ. ಈ ನಾಲ್ವರೂ ಒಂದೇ ಚಾಪೆಯ ಮೇಲೆ ಕೂತಾಗ ಸಾಮ್ಯ ನಾಲ್ಕೂ ಕಡೆಯಿಂದ ತೆರೆದುಕೊಳ್ಳುತ್ತದೆ.

ಇನ್ನೂ ಒಂದಿದೆ. ಅಧ್ಯಾಯಗಳ ಗಡಿ ಹಾಕಿದ್ದು 13ನೇ ಶತಮಾನದಲ್ಲಿ. ಹೊಸ ಒಡಂಬಡಿಕೆಯ ವಚನಗಳ ಈಗಿನ ಸಂಖ್ಯೆ 1551ರದ್ದು. ದಿನಕ್ಕೊಂದು ಅಧ್ಯಾಯ ಓದುವವರು ಮತ್ತಾಯ 19ಕ್ಕೆ ನಿಲ್ಲಿಸಿ ಮರುದಿನ 20 ತೆರೆಯುತ್ತಾರೆ. ಆದರೆ ಸಾಮ್ಯದ ಬೇರು 19:27ರಲ್ಲಿದೆ. "ಎಲ್ಲ ಬಿಟ್ಟು ಬಂದೆವಲ್ಲ, ನಮಗೇನು ಸಿಗುತ್ತದೆ?" ಎಂದು ಪೇತ್ರ ಕೇಳಿದ್ದಕ್ಕೆ ಯೇಸು ಕೊಡುವ ಉತ್ತರ ಇದು. ಬೆಳಿಗ್ಗೆಯಿಂದ ದುಡಿದವರ ಜಾಗದಲ್ಲಿ ಶಿಷ್ಯರೇ ನಿಂತಿದ್ದಾರೆ. ಹತ್ತು ಜನರಲ್ಲಿ ಒಬ್ಬರಾದರೂ ಹಿಂದಿನ ಪುಟ ತಿರುವುತ್ತಾರೆ.

ಪ್ರಸಂಗದಲ್ಲೂ ಇದು ಸಿಗಬಹುದು, ನಿಜ. ಆದರೆ ಪ್ರಸಂಗದ ನಡುವೆ ಕೈಯೆತ್ತಿ "ನನಗೆ ಅರ್ಥವಾಗಲಿಲ್ಲ" ಎನ್ನಲಾಗದು. ಇನ್ನು ಪೌಲನ ಪತ್ರಗಳಂತೂ ಸಭೆಯಲ್ಲಿ ಗಟ್ಟಿಯಾಗಿ ಓದಲೆಂದೇ ಹೋದವು (ಕೊಲೊಸ್ಸೆ 4:16). ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿ ಎನ್ನುವ ಫಿಲಿಪ್ಪಿ 2:12ರ "ನೀವು" ಮರ್ಯಾದೆಯ ನೀವು ಅಲ್ಲ, ಬಹುವಚನ. ಒಬ್ಬರೇ ಓದುವ ಕನ್ನಡಿಗರಿಗೆ ಈ ವ್ಯತ್ಯಾಸ ಸುಲಭವಾಗಿ ತಪ್ಪುತ್ತದೆ.

ಈಗ ನಡೆಸುವ ರೀತಿ. ಆರರಿಂದ ಹತ್ತು ಜನ ಸಾಕು. ಹನ್ನೆರಡು ದಾಟಿದರೆ ಎರಡು ಗುಂಪು ಮಾಡಿ, ಇಲ್ಲದಿದ್ದರೆ ನಾಲ್ವರು ಮಾತಾಡಿ ಉಳಿದವರು ಕೇಳುಗರಾಗುತ್ತಾರೆ. ಒಟ್ಟು 75 ನಿಮಿಷ: ಕುಶಲ, ಪ್ರಾರ್ಥನೆಗೆ ಹತ್ತು, ಎರಡು ಸಲ ಓದಲು ಹತ್ತು, ಮಾತಿಗೆ 45, ಕೊನೆಯ ಪ್ರಾರ್ಥನೆಗೆ ಹತ್ತು. ಎರಡು ಸಲ ಓದುವುದನ್ನು ಬಿಡಬೇಡಿ. ಓದು ಬರದವರಿಗೆ ಅದೇ ಪುಸ್ತಕ. ಎರಡನೇ ಓದಿನ ನಂತರ ಒಬ್ಬರು ನೋಡದೆ ಕಥೆ ಹೇಳಲಿ, ಬಿಟ್ಟದ್ದನ್ನು ಉಳಿದವರು ಸೇರಿಸಲಿ. ಮಲಯಾಳಂ, ತಮಿಳು, ಕೊಂಕಣಿ ಮನೆಮಾತಿನವರು ಒಂದು ಸಲ ತಮ್ಮ ಭಾಷೆಯಲ್ಲೇ ಓದಲಿ. ಭಾಷಾಂತರಗಳು ಎಲ್ಲಿ ಬೇರೆಯಾಗುತ್ತವೋ ಅಲ್ಲೇ ಒಳ್ಳೆಯ ಪ್ರಶ್ನೆ ಇರುತ್ತದೆ.

ನಡೆಸುವವರು ಮನೆಯಲ್ಲಿ ಒಂದು ಗಂಟೆ ಕೂತು ಆರು ಪ್ರಶ್ನೆ ಬರೆದುಕೊಳ್ಳಬೇಕು: ಎರಡು ಅಲ್ಲಿ ಏನಿದೆ ಎಂಬುದಕ್ಕೆ, ಎರಡು ಅರ್ಥಕ್ಕೆ, ಎರಡು ನಮ್ಮ ಬಾಳಿಗೆ. "ದೇವರು ಒಳ್ಳೆಯವನಲ್ಲವೇ?" ಎಂಬಂಥ ಪ್ರಶ್ನೆಗೆ ಹೌದು ಎಂದರೆ ಮುಗಿಯಿತು. "ಕಡೆಯಲ್ಲಿ ಬಂದವರಿಗೆ ಮೊದಲು ಕೂಲಿ ಕೊಟ್ಟದ್ದು ಯಾಕೆ?" ಎಂದು ಕೇಳಿ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಮೌನಕ್ಕೆ ಹೆದರಿ ತಾವೇ ಉತ್ತರ ಕೊಡುವವರ ಗುಂಪು ಎರಡನೇ ವಾರಕ್ಕೇ ಇನ್ನೊಂದು ಪ್ರಸಂಗವಾಗಿಬಿಡುತ್ತದೆ.

ಎಲ್ಲಿಂದ ಶುರು? ಯೋನನ ಪುಸ್ತಕ: ನಾಲ್ಕು ಅಧ್ಯಾಯ, 48 ವಚನ, ನಾಲ್ಕು ವಾರ. ಆಮೇಲೆ ರೂತ್, ಅಥವಾ ಮಾರ್ಕನ ಸುವಾರ್ತೆಯ 16 ಅಧ್ಯಾಯ. ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆಯಿಂದ ಬೇಡವೇ ಬೇಡ. ಕಥೋಲಿಕರೂ ಪ್ರೊಟೆಸ್ಟೆಂಟರೂ ಸೇರಿದ್ದರೆ ಸುವಾರ್ತೆಯೇ ಸರಿ. ಬೈಬಲ್ಲಿನಲ್ಲಿ 73 ಪುಸ್ತಕವೋ (ಕಥೋಲಿಕರದು) 66 ಪುಸ್ತಕವೋ (ಪ್ರೊಟೆಸ್ಟೆಂಟರದು) ಎಂಬ ಮಾತು ಅಲ್ಲಿ ಏಳುವುದಿಲ್ಲ.

ಗುಂಪು ಮುರಿಯುವುದು ಬಹುತೇಕ ಬೈಬಲ್ಲಿನಿಂದಲ್ಲ, ತಿಂಡಿಯಿಂದ. ಕೂಟ ಸರದಿಯಂತೆ ಮನೆಮನೆಗೆ ಹೋಗುವಾಗ ಮೊದಲ ಮನೆಯಲ್ಲಿ ಕಾಫಿ ಬಿಸ್ಕತ್ತು, ಮೂರನೆಯದರಲ್ಲಿ ಕಡುಬು ಕೋಳಿಸಾರು. ಲೈನ್‌ಮನೆಯವರ (ತೋಟದ ಆಳುಗಳ ಸಾಲುಮನೆಗಳಲ್ಲಿರುವವರ) ಸರದಿ ಬಂದಾಗ ಅವರು ಬರುವುದನ್ನೇ ನಿಲ್ಲಿಸುತ್ತಾರೆ. ಕಾಫಿ, ಒಂದು ತಿಂಡಿ, ಅಷ್ಟೇ ಎಂದು ಮೊದಲ ದಿನವೇ ಹೇಳಿ. ಕೂರುವುದೂ ಹಾಗೆಯೇ: ಸಾಹುಕಾರರಿಗೆ ಕುರ್ಚಿ, ಆಳುಗಳಿಗೆ ನೆಲ ಎಂದಾದರೆ ಮತ್ತಾಯ 20 ಓದಿ ಏನು ಪ್ರಯೋಜನ? ಅತ್ತೆಯ ಎದುರು ಬಾಯಿ ಬಿಡದ ಸೊಸೆಗೆ ಇಬ್ಬಿಬ್ಬರಾಗಿ ಮಾತಾಡುವ ಐದು ನಿಮಿಷ ಕೊಡಿ; ಜೋಡಿ ಮಾತ್ರ ಅತ್ತೆಯಲ್ಲ, ಬೇರೆಯವರಾಗಿರಲಿ. ಪ್ರಾರ್ಥನೆಯ ವಿಷಯ ಕೇಳುವಾಗ "ನಿಮ್ಮದನ್ನು ಮಾತ್ರ ಹೇಳಿ" ಎನ್ನಿ. ಪಕ್ಕದ ಮನೆಯ ಕುಡಿತ, ಜಗಳ ಪ್ರಾರ್ಥನೆಯ ವೇಷದಲ್ಲಿ ಊರಿಡೀ ಹರಡುವುದು ಹೀಗೇ.

ಕಾಲ ನೋಡಿ ಇಡಿ. ರೊಬಸ್ಟಾ ಕುಯ್ಲಿನ ಜನವರಿ, ಫೆಬ್ರವರಿಯಲ್ಲಿ ಸಂಜೆ ಯಾರಿಗೂ ಮೈಯಲ್ಲಿ ಕಸುವಿರುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ಕರೆಂಟಿಲ್ಲ. ಆನೆ ಓಡಾಡುವ ಕಡೆ ಕತ್ತಲಾದ ಮೇಲೆ ಕೂಟ ಸಲ್ಲದು. ಭಾನುವಾರ ಎರಡೂವರೆಗೆ ಶುರುಮಾಡಿದರೆ ಬೆಳಕಿರುವಾಗಲೇ ಮನೆ ಸೇರಬಹುದು. "ಪ್ರತಿ ವಾರ, ಇನ್ನು ಮುಂದೆ ಯಾವಾಗಲೂ" ಎಂದರೆ ಜನ ಹಿಂದೆಗೆಯುತ್ತಾರೆ, "ನಾಲ್ಕು ವಾರ, ಯೋನ" ಎಂದರೆ ಬರುತ್ತಾರೆ. ಉತ್ತರ ಸಿಗದ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಸಭಾಪಾಲಕರಿಗೋ ಫಾದರ್‌ಗೋ ಕೊಡಿ. ನಾಲ್ಕನೇ ವಾರ ನಡೆಸುವ ಕೆಲಸ ಬೇರೆಯವರಿಗೆ ಬಿಟ್ಟು, ನೀವು ಬಾಗಿಲ ಹತ್ತಿರ ಕೂತು ಕೇಳಿ.